ಮೀಟರಿಗೆ ಅರ್ಧ ಕಿಲೋ ಚಿನ್ನ

ಧರ್ಮಾರ್ಥ ಸೈಕಲ್ ಸವಾರಿಯ ಲೆಕ್ಕ ಬಲು ಸರಳ. ತುಳಿಯುವವರು ತುಳಿಯುತ್ತಾರೆ, ಮನೆಯಲ್ಲಿ ಕೂತ ಗೆಳೆಯರು, ನೆಂಟರು, ಕಚೇರಿಯವರು ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ಮೊದಲೇ ಮಾತು ಕೊಟ್ಟಿರುತ್ತಾರೆ. ದಾರಿ ಕಷ್ಟದ್ದಾದಷ್ಟೂ ಕೊಡುವವರ ಕೈ ಸಡಿಲವಾಗುತ್ತದೆ. ಇಂಥ ಸವಾರಿಗಳಿಗೆ ಮರುಭೂಮಿ ಎಂದರೆ ಅಷ್ಟು ಪ್ರೀತಿ ಇರುವುದು ಅದಕ್ಕೇ. ಕೈರೋದಿಂದ ಕೇಪ್‌ಟೌನಿಗೆ ಗುಂಪಾಗಿ ಹೋಗುವ ಟೂರ್ ಡಿ ಆಫ್ರಿಕ್ 2003ರಲ್ಲಿ ಶುರುವಾಯಿತು. ಸುಮಾರು 12,000 ಕಿ.ಮೀ., ನಾಲ್ಕು ತಿಂಗಳ ತುಳಿತ. ಅದು ಹೆಸರು ಮಾಡಿದ್ದೇ ಸುಡಾನಿನ ಮರಳು ದಾಟಿ. ಹಣದ ಲೆಕ್ಕದಲ್ಲಿ ದೊಡ್ಡಣ್ಣ ಮಾತ್ರ ಅಮೆರಿಕದ ಪ್ಯಾನ್-ಮಾಸ್ ಚಾಲೆಂಜ್. 1980ರಲ್ಲಿ 36 ಜನ ಹೊರಟು ಕ್ಯಾನ್ಸರ್ ಸಂಶೋಧನೆಗೆಂದು 10,200 ಡಾಲರ್ ಕೂಡಿಸಿದರು. ವರ್ಷ ವರ್ಷ ಸೇರುತ್ತಾ ಬಂದ ಆ ಮೊತ್ತ ಈಗ 100 ಕೋಟಿ ಡಾಲರ್ ದಾಟಿದೆ. ನಮ್ಮ ಹಣದಲ್ಲಿ 8,500 ಕೋಟಿ ರೂಪಾಯಿಗೆ ಮೋಸವಿಲ್ಲ.

ಈ 8,500 ಕೋಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡೇ ಕೋಲಾರದ ರಸ್ತೆ ಹಿಡಿಯೋಣ.

ಬೆಂಗಳೂರಿನ ದೂರಸವಾರರಿಗೆ ಬ್ರೆವೆ ಎಂಬ 200 ಕಿ.ಮೀ.ಯ ಗಡುವಿನ ಸವಾರಿ ಹೊಸದಲ್ಲ. 13 ಗಂಟೆ 30 ನಿಮಿಷದೊಳಗೆ ಮುಗಿಸಿದರೆ ಪಾಸು, ಒಂದು ನಿಮಿಷ ತಡವಾದರೂ ಇಲ್ಲ. ಬೆಂಗಳೂರಿನಿಂದ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ಗೆ ಹೋಗಿ ಬಂದರೆ ಹೆಚ್ಚೂ ಕಡಿಮೆ ಅಷ್ಟೇ ದೂರ. ನಡುವೆ ಬಂಗಾರಪೇಟೆಯಲ್ಲಿ ಇಳಿಯದಿದ್ದರೆ ತಪ್ಪಾಗುತ್ತದೆ. ಅಲ್ಲಿಯ ಪಾನಿಪುರಿಯ ನೀರಿಗೆ ಬಣ್ಣವೇ ಇಲ್ಲ. ನಲ್ಲಿಯಿಂದ ಹಿಡಿದ ಹಾಗೆ ತಿಳಿಯಾಗಿ ಕಾಣುತ್ತದೆ. ನಾಲಿಗೆಗೆ ತಾಗಿದ ಮೇಲೆ ಕಣ್ಣಲ್ಲಿ ನೀರು. ಈ ಊರಿನ ಸುತ್ತ ಬೆಲೆಬಾಳುವುದೆಲ್ಲ ಕಣ್ಣಿಗೆ ಕಾಣದ ಹಾಗೆಯೇ ಇರುತ್ತದೋ ಏನೋ.

ಇದೇ ದಾರಿಯಲ್ಲಿ 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಚಿನ್ನ ಹುಡುಕುತ್ತಾ ಬಂದವನು ಮೈಕೆಲ್ ಲವೆಲ್. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ಬಂದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ; ಈಗಿನ ಲವೆಲ್ ರಸ್ತೆ ಇವನ ಹೆಸರಿನದೇ. ಇವನಿಗೆ ದಾರಿ ತೋರಿಸಿದ್ದು ಅದಕ್ಕೂ ಎಪ್ಪತ್ತು ವರ್ಷ ಹಿಂದಿನ ಒಂದು ವರದಿ. 1802ರಲ್ಲಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಊರವರಿಂದ ಮಣ್ಣು ತೊಳೆಸಿ ನೋಡಿದ್ದ. 56 ಕಿಲೋ ಮಣ್ಣಿಗೆ ಒಂದು ಗ್ರೇನ್ ಚಿನ್ನ ಸಿಕ್ಕಿತು. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಂ, ಮೂಗುಬೊಟ್ಟಿಗೂ ಸಾಲದು. ಟನ್ನಿಗೆ ಲೆಕ್ಕ ಹಾಕಿದರೆ ಒಂದು ಗ್ರಾಮಿಗೆ ಸ್ವಲ್ಪ ಮೇಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಬಂಡೆಯೊಳಗಿನ ಅದಿರಿಗೆ ಕೈ ಹಾಕಿದ ಮೊದಲ ವರ್ಷಗಳಲ್ಲಿ ಟನ್ನಿಗೆ 47 ಗ್ರಾಂವರೆಗೂ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಅದು ಇಳಿದಿಳಿದು 3 ಗ್ರಾಂ.

ಕೆಜಿಎಫ್ ಊರು ಹೊಕ್ಕರೆ ಮೊದಲು ಕಾಣುವುದು ಮರುಭೂಮಿ. ಇದು ಅಲಂಕಾರದ ಮಾತಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯನ್ನು ಗಣಿಯ ಪಕ್ಕದಲ್ಲೇ ಸುರಿದರು. ಊರವರು ಸೈನೈಡ್ ಗುಡ್ಡ ಎನ್ನುತ್ತಾರೆ. ಅಂಥವು 13 ಇವೆ, 1,003 ಎಕರೆಯಲ್ಲಿ. ಹತ್ತಿರ ಹೋಗಿ ನೋಡಬೇಕು: ಬೂದು ಬೆರೆತ ಬಿಳಿ ಬಣ್ಣ, ಮೇಲೊಂದು ತೆಳ್ಳನೆಯ ಹೆಪ್ಪು. ಕಾಲಿಟ್ಟರೆ ಹೆಪ್ಪು ಒಡೆದು ಒಳಗೆ ಗೋಧಿಹಿಟ್ಟಿನಷ್ಟು ನುಣುಪಾದ ಪುಡಿ. ರಸ್ತೆ ಸೈಕಲ್ಲಿನ ಸಪೂರ ಟೈರು ನಾಲ್ಕು ಮಾರು ಹೋಗುವಷ್ಟರಲ್ಲಿ ಹೂತು ನಿಲ್ಲುತ್ತದೆ. ಮಳೆ ನೀರು ಕೊರೆದ ಕಂದರಗಳು ಆಳುದ್ದಕ್ಕೂ ಹೆಚ್ಚು. ಹುಲ್ಲು ಸರಿಯಾಗಿ ಹಿಡಿಯದು. ಆಷಾಢದ ಗಾಳಿ ಎದ್ದಿತೆಂದರೆ ಈ ಪುಡಿ ಮನೆಯ ಅಡುಗೆ ಪಾತ್ರೆಯವರೆಗೂ ಬರುತ್ತದೆ. 2018ರಲ್ಲಿ ತೆರೆಕಂಡ ‘ಕೆಜಿಎಫ್’ ಸಿನಿಮಾದವರು ಚಿತ್ರೀಕರಣಕ್ಕೆ ಇಲ್ಲಿಗೇ ಬಂದರು.

ಈ ಗುಡ್ಡಗಳಲ್ಲಿ ಇರುವ ಪುಡಿ 3.3 ಕೋಟಿ ಟನ್. ಅಂಕಿಯನ್ನು ಹೀಗೆ ಹೇಳಿದರೆ ತಲೆಗೆ ಹತ್ತುವುದಿಲ್ಲ. 16 ಟನ್ ಹೊರುವ ಲಾರಿಗಳಿಗೆ ತುಂಬಿ, ನಿಮಿಷಕ್ಕೊಂದರಂತೆ ಹಗಲೂ ರಾತ್ರಿ ಕಳಿಸುತ್ತಾ ಹೋಗಿ. ಎಲ್ಲ ಖಾಲಿಯಾಗಲು ನಾಲ್ಕು ವರ್ಷ ಬೇಕು. ಲಾರಿಗಳನ್ನು ಬಂಪರಿಗೆ ಬಂಪರ್ ತಾಗಿಸಿ ಸಾಲಾಗಿ ನಿಲ್ಲಿಸಿದರೆ ಸಾಲಿನ ಉದ್ದ 18,000 ಕಿ.ಮೀ. ಮೀರುತ್ತದೆ. ಕೈರೋದಿಂದ ಕೇಪ್‌ಟೌನಿಗೆ ಹೋಗಿ ಅರ್ಧ ದಾರಿ ಹಿಂದಕ್ಕೆ ಬಂದಷ್ಟು.

ಇಷ್ಟೆಲ್ಲ ಪುಡಿ ಮಾಡಿ ತೆಗೆದ ಚಿನ್ನ ಎಷ್ಟು? 121 ವರ್ಷಗಳಲ್ಲಿ ಸುಮಾರು 800 ಟನ್. ಚಿನ್ನ ಭಾರದ ಲೋಹವಾದ್ದರಿಂದ ಜಾಗ ಹೆಚ್ಚು ಬೇಡ. ಅಷ್ಟನ್ನೂ ಕರಗಿಸಿ ಒಂದೇ ಗಟ್ಟಿ ಎರಕ ಹೊಯ್ದರೆ ಉದ್ದ, ಅಗಲ, ಎತ್ತರ ಮೂರೂ ಹನ್ನೊಂದೂವರೆ ಅಡಿ. ಸಾಧಾರಣ ಮನೆಯ ಒಂದು ಮಲಗುವ ಕೋಣೆ. ಆ ಕೋಣೆ ಇಂಗ್ಲೆಂಡಿಗೆ, ಮೈಸೂರಿಗೆ, ದೆಹಲಿಗೆ ಎಂದು ಹಂಚಿಹೋಯಿತು. ಲಾರಿಗಳ ಸಾಲು ಇಲ್ಲೇ ಉಳಿಯಿತು.

ಈಗ ನಿಜವಾದ ದಾರಿಗೆ ಬರೋಣ, ನೆಲದೊಳಗಿನದಕ್ಕೆ. ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ, ಮೈಸೂರು ಮೈನ್ ಇವೆಲ್ಲ ಸೇರಿದರೂ ನೆಲದ ಮೇಲೆ ಎಂಟು ಕಿಲೋಮೀಟರಿನ ಒಂದು ಪಟ್ಟಿ ಅಷ್ಟೆ. ಅರ್ಧ ಗಂಟೆಯಲ್ಲಿ ತುಳಿದು ದಾಟಬಹುದು. ಅದರ ಕೆಳಗೆ ಕೊರೆದ ಸುರಂಗಗಳ ಒಟ್ಟು ಉದ್ದ ಸುಮಾರು 1,400 ಕಿ.ಮೀ. ಬೀದರಿನಿಂದ ಚಾಮರಾಜನಗರಕ್ಕೆ ಹೋಗಿ, ಅರ್ಧಕ್ಕೂ ಹೆಚ್ಚು ದಾರಿ ಮತ್ತೆ ಬೀದರಿನ ಕಡೆಗೆ ತುಳಿದ ಹಾಗೆ. ದೂರಸವಾರರ ಪಾಲಿಗೆ ಕಾಶಿಯಾತ್ರೆಯಂತಿರುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ 1,200 ಕಿ.ಮೀ., 90 ಗಂಟೆ. ಕೆಜಿಎಫ್ ಅದಕ್ಕಿಂತ 200 ಹೆಚ್ಚು, ಅದೂ ಕತ್ತಲಲ್ಲಿ.

ಧರ್ಮಾರ್ಥ ಸವಾರಿಯ ಸೂತ್ರವನ್ನು ಇಲ್ಲಿಗೆ ಹಚ್ಚಿ ನೋಡಿ. 800 ಟನ್ನನ್ನು 1,400 ಕಿ.ಮೀ.ಗೆ ಭಾಗಿಸಿದರೆ ಕಿಲೋಮೀಟರಿಗೆ 571 ಕಿಲೋ. ಅಂದರೆ ಮೀಟರಿಗೆ 571 ಗ್ರಾಂ, ಅರ್ಧ ಕಿಲೋಗೂ ಮೇಲೆ. ಸೈಕಲ್ ಚಕ್ರ ಒಂದು ಸುತ್ತು ಉರುಳಿದರೆ ಸುಮಾರು ಎರಡು ಮೀಟರ್ ಮುಂದೆ ಹೋಗುತ್ತದೆ. ಒಂದು ಸುತ್ತಿಗೆ ಒಂದು ಕಿಲೋ ದಾಟಿತು. ಗ್ರಾಮಿಗೆ 10,000 ರೂಪಾಯಿ ಎಂದು ದುಂಡಗೆ ಹಿಡಿಯೋಣ, ಪೇಟೆ ಧಾರಣೆ ಅದಕ್ಕಿಂತ ಮೇಲೆಯೇ ಇದೆ. ಚಕ್ರದ ಒಂದು ಸುತ್ತಿಗೆ ಕೋಟಿ ರೂಪಾಯಿಯ ಮೇಲೆ. ಒಂದು ಕಿಲೋಮೀಟರಿಗೆ 571 ಕೋಟಿ. ಇಷ್ಟು ಮಾತು ಕೊಟ್ಟ ದಾನಿ ಭೂಮಿಯ ಮೇಲೆ ಎಲ್ಲೂ ಇಲ್ಲ.

ಕಿಸೆಯಲ್ಲಿಟ್ಟ 8,500 ಕೋಟಿಯನ್ನು ಹೊರಗೆ ತೆಗೆಯಿರಿ. ನಾಲ್ಕು ದಶಕಗಳಲ್ಲಿ ಸಾವಿರಾರು ಸವಾರರು ಬೆವರು ಸುರಿಸಿ ಕೂಡಿಸಿದ ಅಷ್ಟೂ ಹಣ ಈ ಸುರಂಗದ 15 ಕಿಲೋಮೀಟರಿಗೆ ಸಮ. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಗಣಿಗಾಗಿಯೇ ಹಾಕಿದ ಕವಲು ರೈಲು ದಾರಿ ಇದೆಯಲ್ಲ, ಅದು ಸುಮಾರು 16 ಕಿ.ಮೀ.; ಅಷ್ಟು ದೂರಕ್ಕೂ ಈ ಹಣ ಸಾಲದು.

ಸರಾಸರಿ ಎಂಬುದು ಮೋಸದ ಲೆಕ್ಕ ಎಂದು ಗಣಿಯವರು ಆಕ್ಷೇಪ ತೆಗೆಯಬಹುದು, ಅದು ನ್ಯಾಯವೂ ಹೌದು. ಎಷ್ಟೋ ಸುರಂಗಗಳು ಚಿನ್ನದ ಮುಖವನ್ನೇ ಕಾಣದೆ, ಬರೀ ಗಾಳಿಗೆ, ಓಡಾಟಕ್ಕೆ ಎಂದು ಕೊರೆದವು. ಆದರೂ ಅಂಕಿ ಬಾಯಿ ಮುಚ್ಚಿಸುತ್ತದೆ.

ಸವಾರರು ದಾರಿಯ ಉದ್ದಕ್ಕಿಂತ ಏರಿಗೆ ಹೆದರುತ್ತಾರೆ. ಬೆಂಗಳೂರಿನವರ ಅಳತೆಗೋಲು ನಂದಿಬೆಟ್ಟ. ಬುಡದಿಂದ ತುದಿಗೆ ನಾನೂರು ಚಿಲ್ಲರೆ ಮೀಟರ್. ಕೆಜಿಎಫ್ ಗಣಿಯ ಆಳ ಸುಮಾರು 3.2 ಕಿ.ಮೀ. ಕೆಳಗಿಂದ ಮೇಲಕ್ಕೆ ಬರುವುದೆಂದರೆ ನಂದಿಬೆಟ್ಟವನ್ನು ಏಳು ಸಲ ಏರಿದಂತೆ. ತಳವು ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗಿತ್ತು. ಒಂದೇ ಹಗ್ಗದಲ್ಲಿ ಇಳಿಸಲಾಗದ ಆಳವಾದ್ದರಿಂದ ಹಂತಹಂತಕ್ಕೆ ಕೇಜು ಬದಲಿಸಿ ಇಳಿಯಬೇಕಿತ್ತು. ಅಲ್ಲಿ ಬಂಡೆಯ ಬಿಸಿ 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು.

ಹೋಲಿಕೆಗೆ ನಿಜವಾದ ಮರುಭೂಮಿಯ ಸವಾರಿಯೊಂದನ್ನು ಪಕ್ಕದಲ್ಲಿಡೋಣ. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಪಾರ್ಸಿ ಯುವಕರು ಭೂಮಿ ಸುತ್ತಲು ಸೈಕಲ್ ಹತ್ತಿದರು. 71,000 ಕಿ.ಮೀ. ತುಳಿದು 1928ರಲ್ಲಿ ಮರಳಿದವರು ಮೂವರು: ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮಗಾರಾ. ಬಾಗ್ದಾದಿನಿಂದ ಅಲೆಪ್ಪೊವರೆಗಿನ 956 ಕಿ.ಮೀ. ಮರಳುಗಾಡಿಗೆ ಅವರಿಗೆ 23 ದಿನ ಹಿಡಿಯಿತು. ಅದು ಸಾಹಸವೇ, ಎರಡು ಮಾತಿಲ್ಲ. ಕೆಜಿಎಫ್‌ನ ಆಳದ ಪಾಳಿಯವರು ಅದಕ್ಕೂ ಮಿಗಿಲಾದ ಬಿಸಿಯ ಬಂಡೆಗೆ ಎದೆಯೊಡ್ಡಿ 23 ದಿನವಲ್ಲ, 23 ವರ್ಷ ಕೆಲಸ ಮಾಡಿದರು. ಮೇಲಿಂದ ತಣ್ಣನೆ ಗಾಳಿ ಊದುತ್ತಿದ್ದರು, ನಿಜ. ಶ್ವಾಸಕೋಶಕ್ಕೆ ಸೇರುತ್ತಿದ್ದ ಕಲ್ಲಿನ ಧೂಳನ್ನು ಅದು ತಡೆಯಲಿಲ್ಲ. ಇದ್ದಕ್ಕಿದ್ದಂತೆ ಬಂಡೆ ಒತ್ತಡಕ್ಕೆ ಸಿಡಿಯುವುದು ಬೇರೆ. ಗಣಿಯವರು ಹಿಂದೆ ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಕೆಳಗೆ ಸಿಡಿದರೆ ಮೇಲೆ ಮನೆಯ ಗೋಡೆ ನಡುಗುತ್ತಿತ್ತು, ಯಾರ ಮನೆಯವರು ಯಾವ ಪಾಳಿಯಲ್ಲಿದ್ದಾರೆ ಎಂದು ಲೈನ್ ಮನೆಗಳ ಹೆಂಗಸರು ಲೆಕ್ಕ ಹಾಕುತ್ತಿದ್ದರು.

ಇಷ್ಟು ಆಳಕ್ಕೆ ಜನರನ್ನು ಇಳಿಸಲು, ನೀರೆತ್ತಲು, ಅದಿರು ಅರೆಯಲು ವಿದ್ಯುತ್ ಬೇಕಿತ್ತು. 1902ರ ಜೂನ್ 30ರಂದು ಶಿವನಸಮುದ್ರದಿಂದ 147 ಕಿ.ಮೀ. ತಂತಿ ಹಾಯಿಸಿ ಇಲ್ಲಿಗೆ ಕರೆಂಟು ತಂದರು. ಆಗ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಮೂರು ವರ್ಷ ಕಳೆದು, 1905ರಲ್ಲಿ.

ಅಂಕಿಗಳ ಈ ಜಾತ್ರೆಯಲ್ಲಿ ನನಗೆ ತೀರಾ ಇಷ್ಟವಾದದ್ದು ಒಂದು ಸೊನ್ನೆ. ಆಕಾಶದಿಂದ ಮ್ಯೂಆನ್ ಎಂಬ ಕಣಗಳು ಸದಾ ಸುರಿಯುತ್ತಲೇ ಇರುತ್ತವೆ. ಬಯಲಲ್ಲಿ ಅಂಗೈ ಚಾಚಿದರೆ ನಿಮಿಷಕ್ಕೆ ನೂರರಷ್ಟು ಅದರ ಮೂಲಕ ಹಾದುಹೋಗುತ್ತವೆ. ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನವರಾದ ಬಿ. ವಿ. ಶ್ರೀಕಂಠನ್ 1951ರಲ್ಲಿ ಉಪಕರಣ ಹೊತ್ತು ಕೆಜಿಎಫ್‌ಗೆ ಇಳಿದು, ಆಳಕ್ಕೆ ಹೋದಂತೆಲ್ಲ ಈ ಕಣಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಎಣಿಸತೊಡಗಿದರು. ಹತ್ತು ವರ್ಷದ ಬಳಿಕ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ 2.7 ಕಿ.ಮೀ. ಆಳದಲ್ಲಿ ಎರಡು ತಿಂಗಳು ಕಾದು ಕೂತಿತು. ಒಂದೇ ಒಂದು ಮ್ಯೂಆನ್ ಬರಲಿಲ್ಲ. ಭೂಮಿಯ ಮೇಲೆ ಇಂಥ ನಿಶ್ಶಬ್ದದ ಜಾಗ ಸಿಕ್ಕಿದ್ದರಿಂದಲೇ, ಬಂಡೆಯನ್ನು ಲೆಕ್ಕಿಸದೆ ಹಾಯಬಲ್ಲ ನ್ಯೂಟ್ರಿನೊಗಳನ್ನು ಹಿಡಿಯುವ ಧೈರ್ಯ ಬಂತು. 1965ರಲ್ಲಿ, 2.3 ಕಿ.ಮೀ. ಆಳದಲ್ಲಿ, ಒಸಾಕಾ ಮತ್ತು ಡರ್ಹ್ಯಾಮ್ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಮೊದಲ ಗುರುತು ಹಿಡಿದರು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ಗ್ರಾಮಿನ ಲೆಕ್ಕದಲ್ಲಿ ಈ ಫಸಲಿಗೆ ತೂಕವೇ ಇಲ್ಲ.

ನೀರಿನ ಲೆಕ್ಕ ಮಾತ್ರ ತಮಾಷೆಯದಲ್ಲ. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಕೋಲಾರ. ಕೊಳವೆಬಾವಿ 1,500 ಅಡಿ ದಾಟಿದರೂ ಬರೀ ಧೂಳು ಹಾರಿದ ಹೊಲಗಳು ಇಲ್ಲಿ ಎಷ್ಟೋ. 2018ರಿಂದ ಬೆಂಗಳೂರಿನ ಚರಂಡಿ ನೀರನ್ನೇ ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಇಲ್ಲಿಯ ಕೆರೆಗಳಿಗೆ ತುಂಬುತ್ತಿದ್ದಾರೆ. ಪಕ್ಕದಲ್ಲೇ, ಸಾವಿರಾರು ಅಡಿ ಆಳದ ಗಣಿಬಾವಿಗಳು ಸಾಲಾಗಿ ನಿಂತಿವೆ. ಪಂಪು ನಿಲ್ಲಿಸಿದ ಮೇಲೆ ಅವುಗಳಲ್ಲಿ ನೀರು ತುಂಬಿಕೊಂಡಿದೆ.

2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಆ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿ ಇನ್ನೂ 23 ಟನ್ ಉಳಿದಿದೆ ಎಂಬ ಅಂದಾಜು. ಟನ್ನು ಪುಡಿಗೆ ಬರುವುದು 0.7 ಗ್ರಾಂ. ಊರವರು ಮಣ್ಣು ತೊಳೆದು ವಾರನ್ನನಿಗೆ ತೋರಿಸಿದರಲ್ಲ, ಅದಕ್ಕಿಂತಲೂ ಕಡಿಮೆ. ಆದರೂ ಅದೇ ದುಂಡು ಧಾರಣೆಯಲ್ಲಿ 23,000 ಕೋಟಿ ರೂಪಾಯಿ.

ಇನ್ನೊಂದು ಭಾಗಾಕಾರ ಉಳಿದಿದೆ. 2011ರ ಜನಗಣತಿಯಂತೆ ಕೆಜಿಎಫ್ ಪಟ್ಟಣದ ಜನಸಂಖ್ಯೆ 1.63 ಲಕ್ಷ. ತೆಗೆದ 800 ಟನ್ನನ್ನು ಅವರಿಗೇ ಹಂಚಿದ್ದರೆ ಹಸುಗೂಸಿನಿಂದ ಮುದುಕರವರೆಗೆ ತಲೆಗೆ 4.9 ಕಿಲೋ ಚಿನ್ನ. ಹಂಚಿಲ್ಲ, ಆದ್ದರಿಂದ ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಊಟದ ಡಬ್ಬಿ ಹಿಡಿದು ಸಾವಿರಾರು ಜನ ಬೆಂಗಳೂರಿನ ರೈಲು ಹತ್ತುತ್ತಾರೆ. ಬಂಗಾರಪೇಟೆಗೆ ಬರುವಷ್ಟರಲ್ಲಿ ಕೂರಲು ಜಾಗವಿರುವುದಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗಿ ಬರಲು ದಿನಕ್ಕೆ 170 ಕಿ.ಮೀ. ದಾಟುತ್ತದೆ, ಬ್ರೆವೆಗೆ ಬರೀ 30 ಕಡಿಮೆ. ವರ್ಷಕ್ಕೆ 300 ದಿನ ಕೆಲಸವೆಂದರೆ 51,000 ಕಿ.ಮೀ. ಭೂಮಿಯ ಸುತ್ತಳತೆ 40,075. ಸೀಸನ್ ಟಿಕೆಟಿನ ಈ ಜನ ಪ್ರತಿ ಒಂಬತ್ತೂವರೆ ತಿಂಗಳಿಗೊಮ್ಮೆ ಭೂಮಿಗೆ ಒಂದು ಸುತ್ತು ಬರುತ್ತಾರೆ, ಅದರಲ್ಲಿ ಬಹುಪಾಲು ನಿಂತುಕೊಂಡೇ.