ಓದಿನ ವೇಗ ಮತ್ತು ಗ್ರಹಿಕೆ: ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಕೆಲವು ವಿಚಾರ

ಐಚ್ಛಿಕ ಕನ್ನಡವನ್ನು ಆಯ್ದುಕೊಂಡ ವಿದ್ಯಾರ್ಥಿಯ ಮುಂದೆ ಒಂದೇ ಕಾಲಕ್ಕೆ ಹಲವು ಬಗೆಯ ಪುಸ್ತಕಗಳಿರುತ್ತವೆ. ಪಂಪನ ಕಾವ್ಯಭಾಗ, ವಚನಗಳು, ಕುಮಾರವ್ಯಾಸನ ಒಂದು ಸಂಧಿ, ಹೊಸಗನ್ನಡದ ಕಾದಂಬರಿ, ಸಾಹಿತ್ಯ ಚರಿತ್ರೆ, ವ್ಯಾಕರಣ, ಛಂದಸ್ಸು, ಕಾವ್ಯಮೀಮಾಂಸೆ. ಇವೆಲ್ಲವನ್ನೂ ಪರೀಕ್ಷೆಯೊಳಗೆ ಓದಿ ಮುಗಿಸಬೇಕು. ಓದು ನಿಧಾನವಾದಾಗ ಮೊದಲು ಕೈಬಿಟ್ಟುಹೋಗುವುದು ಮೂಲಕೃತಿ. ಅದರ ಸ್ಥಾನಕ್ಕೆ ಸಾರಾಂಶದ ಕೈಪಿಡಿ ಬಂದು ಕೂಡುತ್ತದೆ. ಪದವಿ ದೊರೆಯಬಹುದು, ಆದರೆ ಕಾವ್ಯದ ಒಂದು ಪುಟವನ್ನೂ ಸ್ವಂತ ಬಲದಿಂದ ಓದದೆ ಕನ್ನಡ ಪದವೀಧರನೆನಿಸಿಕೊಳ್ಳುವ ಸ್ಥಿತಿ ಒದಗುತ್ತದೆ. ಆದ್ದರಿಂದ ಓದಿನ ವೇಗವೆಂಬುದು ಕೇವಲ ಪರೀಕ್ಷೆಯ ಉಪಾಯವಲ್ಲ. ವಿದ್ಯಾರ್ಥಿಗೂ ಮೂಲಕೃತಿಗೂ ಇರುವ ಸಂಬಂಧ ಉಳಿಯುವುದೋ ಅಳಿಯುವುದೋ ಎಂಬುದು ಅದನ್ನು ಅವಲಂಬಿಸಿದೆ.

ದೇವನಕೊಂಡ, ಆಲೂರು, ಆದೋನಿ ಪ್ರದೇಶದ ವಿದ್ಯಾರ್ಥಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯದ ಪಾಲಾದವು. ಅಂದಿನಿಂದ ಈ ಭಾಗದ ಕನ್ನಡ ಮನೆಗಳ ಮಕ್ಕಳು ಒಂದು ಲಿಪಿಯನ್ನು ಮನೆಮಾತಿಗಾಗಿ, ಇನ್ನೊಂದನ್ನು ರಾಜ್ಯದ ವ್ಯವಹಾರಕ್ಕಾಗಿ ಕಲಿಯುತ್ತ ಬಂದಿದ್ದಾರೆ. ಬಸ್ಸಿನ ಫಲಕ, ಕಚೇರಿಯ ಅರ್ಜಿ, ದಿನಪತ್ರಿಕೆ ತೆಲುಗಿನಲ್ಲಿ, ಪಠ್ಯ ಕನ್ನಡದಲ್ಲಿ. ಈ ದ್ವಿಭಾಷಿಕತೆ ಓದಿಗೆ ತೊಡಕೋ ನೆರವೋ ಎಂಬುದನ್ನು ವಿವೇಚಿಸಿದರೆ ವೇಗದ ಓದಿನ ನಿಜವಾದ ಸ್ವರೂಪವೂ ತಿಳಿಯುತ್ತದೆ.

ಕಣ್ಣು ಮಾಡುವ ಕೆಲಸ

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುವುದಿಲ್ಲ. ಅದು ಜಿಗಿಯುತ್ತದೆ, ಒಂದೆಡೆ ಕ್ಷಣಕಾಲ ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜಾವಲ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಗುರುತಿಸಿದರು. ಪ್ರತಿ ನಿಲುಗಡೆಗೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಅಕ್ಷರಗಳು ಮನಸ್ಸಿಗೆ ತಲುಪುವುದು ಈ ನಿಲುಗಡೆಯಲ್ಲಿ. ಅರ್ಥವಾಗದಿದ್ದರೆ ಕಣ್ಣು ಹಿಂದಕ್ಕೆ ಹೋಗುತ್ತದೆ. ನಿಧಾನವಾಗಿ ಓದುವವರಲ್ಲಿ ನಿಲುಗಡೆಗಳು ಹೆಚ್ಚು, ಹಿಂದಿರುಗುವಿಕೆಯೂ ಹೆಚ್ಚು.

ಹಾಗಾದರೆ ಕಣ್ಣಿಗೆ ವ್ಯಾಯಾಮ ಕೊಟ್ಟರೆ ಸಾಕೇ? 1959ರಲ್ಲಿ ಅಮೆರಿಕದ ಎವೆಲಿನ್ ವುಡ್ ಆರಂಭಿಸಿದ ಶಿಕ್ಷಣಕ್ರಮವು ನಿಮಿಷಕ್ಕೆ ಸಾವಿರಾರು ಪದ ಓದುವ ಆಸೆಯನ್ನು ಜಗತ್ತಿಗೆ ಹಚ್ಚಿತು. ಆದರೆ ಕೀತ್ ರೇನರ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ವಿಸ್ತೃತ ಸಮೀಕ್ಷೆಯು ಬೇರೆಯದನ್ನೇ ಹೇಳುತ್ತದೆ. ಒಂದು ಮಿತಿಯನ್ನು ಮೀರಿ ವೇಗ ಹೆಚ್ಚಿದಂತೆ ಗ್ರಹಿಕೆ ಕುಗ್ಗುತ್ತದೆ. ಗ್ರಹಿಕೆಯನ್ನು ಉಳಿಸಿಕೊಂಡು ವೇಗವನ್ನು ಹೆಚ್ಚಿಸುವ ದಾರಿಯೆಂದರೆ ಆ ಭಾಷೆಯಲ್ಲಿ ಪಳಗುವುದು, ಪದಸಂಪತ್ತನ್ನು ಬೆಳೆಸುವುದು. ಗುರುತಿರುವ ಪದದ ಮುಂದೆ ಕಣ್ಣು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವೇಗವು ಪರಿಚಯದ ಫಲ.

ಓದುವ ದಿಕ್ಕು ಕೂಡ ಅಭ್ಯಾಸದಿಂದ ಬಂದದ್ದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪತ್ತಿಕೊಂಡದ ಸೀಮೆಯಲ್ಲಿರುವ ಎರ್ರಗುಡಿಯ ಅಶೋಕನ ಶಾಸನಗಳು 1929ರಲ್ಲಿ ವಿದ್ವಾಂಸರ ಗಮನಕ್ಕೆ ಬಂದವು. ಬ್ರಾಹ್ಮಿ ಲಿಪಿ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಸಾಗುವುದು; ಆದರೆ ಅಲ್ಲಿಯ ಕಿರುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ನೇಗಿಲ ಸಾಲಿನಂತೆ ತಿರುಗುವ ಆ ಬರಹದೆದುರು ಬ್ರಾಹ್ಮಿಯನ್ನು ಬಲ್ಲವರ ಕಣ್ಣೂ ತಡವರಿಸುತ್ತದೆ. ಕಣ್ಣಿಗೆ ಶಕ್ತಿ ಕಡಿಮೆಯಾಗಿ ಹಾಗಾಗುವುದಿಲ್ಲ, ರೂಢಿ ತಪ್ಪಿದ್ದರಿಂದ ಆಗುತ್ತದೆ.

ಎರಡು ಲಿಪಿಗಳ ನಡುವೆ

ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನಿಂದ ಕವಲೊಡೆದವು. ಅವು ಹತ್ತಿರವಾಗಿರುವುದರಿಂದಲೇ ಕೆಲವು ಎಡೆಗಳಲ್ಲಿ ಕಣ್ಣು ಮೋಸಹೋಗುತ್ತದೆ. ಮುಖ್ಯವಾದವು ಎರಡು. ಮೊದಲನೆಯದು ಅರ್ಕಾವೊತ್ತು. ‘ಧರ್ಮ’ ಎಂದು ಕನ್ನಡದಲ್ಲಿ ಬರೆಯುವಾಗ ‘ಮ’ ಮೊದಲು ಬಂದು ರಕಾರದ ಗುರುತು ಅದರ ಬಲಕ್ಕೆ ನಿಲ್ಲುತ್ತದೆ. ತೆಲುಗಿನ ಇಂದಿನ ಬರಹದಲ್ಲಿ ರಕಾರ ಮೊದಲು ಬಂದು ‘ಮ’ ಕೆಳಗೆ ಒತ್ತಾಗುತ್ತದೆ. ತೆಲುಗನ್ನು ಹೆಚ್ಚು ಓದಿದ ಕಣ್ಣು ಕನ್ನಡದ ‘ವರ್ಷ’, ‘ಕಾರ್ಯ’, ‘ಅರ್ಥ’ಗಳ ಮುಂದೆ ಒಂದು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ಬರುತ್ತದೆ.

ಎರಡನೆಯದು ದೀರ್ಘದ ಗುರುತು. ಕನ್ನಡದಲ್ಲಿ ಏಕಾರ, ಓಕಾರಗಳ ದೀರ್ಘಚಿಹ್ನೆ ಅಕ್ಷರದ ಬಲಕ್ಕೆ ಪ್ರತ್ಯೇಕವಾಗಿ ನಿಲ್ಲುತ್ತದೆ; ತೆಲುಗಿನಲ್ಲಿ ಅದು ಅಕ್ಷರದ ತಲೆಯ ಮೇಲೇ ಇರುತ್ತದೆ. ತಲೆಯನ್ನು ಮಾತ್ರ ನೋಡಿ ಮುಂದೆ ಸಾಗುವ ರೂಢಿಯವರಿಗೆ ‘ಕೆರೆ’ಯೂ ‘ಕೇರೆ’ಯೂ, ‘ಬೆಳೆ’ಯೂ ‘ಬೇಳೆ’ಯೂ ಒಂದಾಗಿಬಿಡುತ್ತವೆ. ಇಂತಹ ಪದಗಳನ್ನು ಪಟ್ಟಿಮಾಡಿಕೊಂಡು ಪ್ರತಿದಿನ ಐದು ನಿಮಿಷ ಗಟ್ಟಿಯಾಗಿ ಓದಿದರೆ ಕಣ್ಣು ಮತ್ತೆ ದಾರಿಗೆ ಬರುತ್ತದೆ. ಇದನ್ನು ಮಕ್ಕಳ ಕೆಲಸವೆಂದು ತಳ್ಳಿಹಾಕಬಾರದು. ಕನ್ನಡದ ಅಕ್ಷರಕಲಿಕೆಯನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುಣಿತ, ಒತ್ತಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುವುದು ಕಂಡುಬಂದಿದೆ. ಅಲ್ಲಿ ಉಳಿದ ಕೊರತೆ ಪದವಿ ತರಗತಿಯಲ್ಲಿ ನಿಧಾನದ ಓದಾಗಿ ಕಾಣಿಸಿಕೊಳ್ಳುವುದು ಅಸಂಭವವಲ್ಲ.

ತೆಲುಗು ಬಲ್ಲವರಿಗೆ ಹಳಗನ್ನಡ

ತೊಡಕಿನ ಜೊತೆಗೆ ದೊಡ್ಡ ನೆರವೊಂದು ಇದೆ. ಹಳಗನ್ನಡದ ಪದಾದಿಯ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ತೆಲುಗು ಪಕಾರವನ್ನು ಉಳಿಸಿಕೊಂಡಿತು. ಪಾಲ್, ಪುಲಿ, ಪೂ, ಪಾವು ಎಂಬ ಹಳಗನ್ನಡ ರೂಪಗಳನ್ನು ಕಂಡು ಬೇರೆಡೆಯ ವಿದ್ಯಾರ್ಥಿ ನಿಘಂಟಿನತ್ತ ತಿರುಗುವಾಗ, ಪಾಲು, ಪುಲಿ, ಪುವ್ವು, ಪಾಮು ಎಂದು ದಿನನಿತ್ಯ ಕೇಳುವ ದೇವನಕೊಂಡದ ವಿದ್ಯಾರ್ಥಿ ಹಾಲು, ಹುಲಿ, ಹೂ, ಹಾವುಗಳನ್ನು ಥಟ್ಟನೆ ಗುರುತಿಸಬಲ್ಲನು. ಈ ಒಂದು ಸೂತ್ರವೇ ಹಳಗನ್ನಡದ ಪುಟದಲ್ಲಿ ಎಷ್ಟೋ ನಿಲುಗಡೆಗಳನ್ನು ತಪ್ಪಿಸುತ್ತದೆ.

ಆದರೆ ನೆರವನ್ನು ಪರೀಕ್ಷಿಸಿ ಸ್ವೀಕರಿಸಬೇಕು. ಹಳಗನ್ನಡದಲ್ಲಿ ‘ಪನಿ’ ಎಂದರೆ ಹನಿ. ತೆಲುಗಿನಲ್ಲಿ ‘ಪನಿ’ ಎಂದರೆ ಕೆಲಸ. ‘ಕಂಬನಿ’ ಎಂಬುದು ‘ಕಣ್’ ಮತ್ತು ‘ಪನಿ’ ಸೇರಿ ಆದ ಪದ. ಅಲ್ಲಿ ತೆಲುಗಿನ ಅರ್ಥ ಹೊಂದುವುದಿಲ್ಲ. ‘ಅವಸರ’ ಕನ್ನಡದಲ್ಲಿ ಆತುರವಾದರೆ ತೆಲುಗಿನ ‘ಅವಸರಂ’ ಅಗತ್ಯವಾಗುತ್ತದೆ. ಸಂಸ್ಕೃತ ಪದಗಳಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮ. ಕನ್ನಡ, ತೆಲುಗುಗಳ ಬಳಕೆಯಲ್ಲಿ ‘ಅನುಮಾನ’ ಎಂದರೆ ಸಂದೇಹ. ಮರಾಠಿಯಲ್ಲಿ ಅದು ತರ್ಕದಿಂದ ಪಡೆದ ನಿರ್ಣಯ. ಶಾಸ್ತ್ರದಲ್ಲಿಯೂ ಅದೇ ಅರ್ಥ. ಧ್ವನಿಯು ಅನುಮಾನದಲ್ಲಿಯೇ ಅಡಗುತ್ತದೆ ಎಂದು ‘ವ್ಯಕ್ತಿವಿವೇಕ’ದ ಕರ್ತೃ ಮಹಿಮಭಟ್ಟ ವಾದಿಸಿದಾಗ, ಅದನ್ನು ಸಂದೇಹವೆಂದು ಓದಿಕೊಂಡವರು ಎಷ್ಟು ವೇಗವಾಗಿ ಓದಿದರೂ ಪ್ರಯೋಜನವಿಲ್ಲ. ಗುಣ, ರೀತಿ, ದೋಷ, ಭಾವ ಮುಂತಾದ ಪದಗಳೂ ಹಾಗೆಯೇ. ಶಾಸ್ತ್ರಗ್ರಂಥವನ್ನು ತೆರೆಯುವ ಮೊದಲು ಅದರ ಪಾರಿಭಾಷಿಕ ಪದಗಳನ್ನು ಇಪ್ಪತ್ತರಷ್ಟಾದರೂ ಅರ್ಥಸಹಿತ ಬರೆದಿಟ್ಟುಕೊಳ್ಳುವುದು ಸಮಯವನ್ನು ಉಳಿಸುವ ಕ್ರಮ.

ಪದವನ್ನು ಬಿಡಿಸುವ ಕೌಶಲ

ಕನ್ನಡದಲ್ಲಿ ಪ್ರತ್ಯಯಗಳು ಒಂದರ ಮೇಲೊಂದು ಸೇರಿ ಪದ ಉದ್ದವಾಗುತ್ತದೆ. ‘ಓದಲಾಗದವರಿಗೂ’ ಎಂಬ ಒಂದು ಪದದಲ್ಲಿ ಓದಲು, ಆಗದ, ಅವರಿಗೆ, ಊ ಎಂಬ ನಾಲ್ಕು ಅಂಶಗಳಿವೆ. ಇಂಗ್ಲಿಷಿನಲ್ಲಿ ಇದಕ್ಕೆ ಏಳೆಂಟು ಪದಗಳು ಬೇಕಾದಾವು. ಬೆಲ್ಜಿಯಂನ ಮಾರ್ಕ್ ಬ್ರಿಸ್‌ಬಾರ್ಟ್ 2019ರಲ್ಲಿ ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿ, ಇಂಗ್ಲಿಷ್ ಓದುವ ವಯಸ್ಕರ ಸರಾಸರಿ ನಿಮಿಷಕ್ಕೆ 238 ಪದವೆಂದು ಲೆಕ್ಕಹಾಕಿದರು. ಈ ಸಂಖ್ಯೆಯನ್ನು ಕನ್ನಡದ ಓದಿಗೆ ಹಚ್ಚಿ ಎದೆಗುಂದಬಾರದು. ಕನ್ನಡದ ಓದುಗನು ತನ್ನ ಹಿಂದಿನ ತಿಂಗಳ ಓದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಸಂಧಿಪ್ರಕರಣವನ್ನು ಅಂಕಗಳಿಗಾಗಿ ಕಂಠಪಾಠ ಮಾಡುವವರು ಅದು ಓದಿನ ಸಾಧನವೆಂಬುದನ್ನು ಮರೆಯುತ್ತಾರೆ. ಕ, ತ, ಪಗಳು ಗ, ದ, ಬಗಳಾಗುತ್ತವೆ ಎಂಬ ಆದೇಶಸಂಧಿಯನ್ನು ಬಲ್ಲವರು ಮಳೆಗಾಲ, ಬೆಟ್ಟದಾವರೆ, ಕಂಬನಿಗಳನ್ನು ಕಂಡೊಡನೆ ಬಿಡಿಸುತ್ತಾರೆ. ಹಳಗನ್ನಡ ಪದ್ಯವನ್ನು ಓದುವಾಗ ಮೊದಲು ಸಂಧಿ ಬಿಡಿಸಿ, ಅನಂತರ ಕ್ರಿಯಾಪದವನ್ನು ಹುಡುಕಿ, ಆಮೇಲೆ ಕರ್ತೃ, ಕರ್ಮಗಳನ್ನು ಗುರುತಿಸಿ ಗದ್ಯದ ಅನ್ವಯಕ್ಕೆ ತರಬೇಕು. ಆರಂಭದಲ್ಲಿ ಒಂದು ಪದ್ಯಕ್ಕೆ ಅರ್ಧ ಗಂಟೆ ಹಿಡಿದರೂ ಚಿಂತೆಯಿಲ್ಲ. ಹೀಗೆ ಐವತ್ತು ಪದ್ಯಗಳನ್ನು ಬಿಡಿಸಿದವರಿಗೆ ಮುಂದಿನವು ಹಗುರವಾಗುತ್ತವೆ.

ಛಂದಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಗಣ ಮುಗಿದಲ್ಲಿ ಪದವೂ ಮುಗಿಯಬೇಕೆಂಬ ನಿಯಮವಿಲ್ಲ. ಸಾಲು ಮುಗಿದರೂ ಪದ ಮುಂದಿನ ಸಾಲಿಗೆ ಹರಿಯಬಹುದು. ಆದ್ದರಿಂದ ಲಯಕ್ಕಾಗಿ ಒಮ್ಮೆ, ಅರ್ಥಕ್ಕಾಗಿ ಒಮ್ಮೆ, ಹೀಗೆ ಎರಡು ಬಾರಿ ಓದಬೇಕು. ಮನಸ್ಸಿನೊಳಗೆ ಉಚ್ಚರಿಸುವುದನ್ನು ನಿಲ್ಲಿಸಿದರೆ ವೇಗ ಹೆಚ್ಚುತ್ತದೆಂಬ ಮಾತು ಪ್ರಚಾರದಲ್ಲಿದೆ. ಗಮಕಕಲೆಯನ್ನು ಬೆಳೆಸಿಕೊಂಡ ಭಾಷೆಯ ಕಾವ್ಯಕ್ಕೆ ಆ ಮಾತು ಸಲ್ಲದು. ಕಿವಿಗೆ ಕೇಳಿಸದ ಪದ್ಯ ಅರ್ಥಕ್ಕೂ ಪೂರ್ಣವಾಗಿ ದಕ್ಕುವುದಿಲ್ಲ.

ಮೂರು ಬಗೆಯ ನಡಿಗೆ

ಎಲ್ಲ ಪುಸ್ತಕಗಳನ್ನೂ ಒಂದೇ ವೇಗದಲ್ಲಿ ಓದುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಸಾಹಿತ್ಯ ಚರಿತ್ರೆ, ವಿಮರ್ಶೆಗಳಿಗೆ ಮೊದಲು ಪಕ್ಷಿನೋಟ ಸಾಕು: ಪರಿವಿಡಿ, ಉಪಶೀರ್ಷಿಕೆ, ಪ್ರತಿ ಪ್ಯಾರಾದ ಮೊದಲ ವಾಕ್ಯ. ಬಳಿಕ ಬೇಕಾದ ಅಧ್ಯಾಯವನ್ನು ಮಾತ್ರ ಪೂರ್ತಿ ಓದಬೇಕು. ಕಾದಂಬರಿಗೆ ತಡೆಯಿಲ್ಲದ ನಡಿಗೆ ಬೇಕು. ತಿಳಿಯದ ಒಂದೆರಡು ಪದಗಳಿಗಾಗಿ ನಿಲ್ಲದೆ ಗುರುತುಹಾಕಿ ಮುಂದೆ ಸಾಗಬೇಕು. ಹಳಗನ್ನಡ ಪದ್ಯ, ವಚನ, ವ್ಯಾಕರಣಸೂತ್ರಗಳಿಗೆ ಅಗೆದು ಓದುವ ತಾಳ್ಮೆ ಬೇಕು. ಮೊದಲ ಎರಡರಲ್ಲಿ ಉಳಿಸಿದ ಸಮಯವನ್ನು ಮೂರನೆಯದಕ್ಕೆ ಕೊಡುವುದೇ ವೇಗದ ಓದಿನ ಪ್ರಯೋಜನ.

ಪುಸ್ತಕ ಮುಚ್ಚಿದ ಮೇಲೆ

ಓದಿದ್ದು ಉಳಿದಿದೆಯೇ ಎಂಬುದನ್ನು ಪುಸ್ತಕ ತೆರೆದಿರುವಾಗ ತಿಳಿಯಲಾಗದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷಗಳ ಬಳಿಕ ಮುಂದಿದ್ದರು. ಒಂದು ವಾರದ ಬಳಿಕ, ಓದಿದ್ದನ್ನು ನೋಡದೆ ನೆನೆದು ಬರೆದವರೇ ಮುಂದಿದ್ದರು. ಮರುದಿನವೇ ಪರೀಕ್ಷೆಯಿರುವವರಿಗೆ ಮರುಓದು ಹಿತವೆನಿಸಬಹುದು; ವರ್ಷವಿಡೀ ಓದುವವರಿಗೆ ನೆನೆದು ಬರೆಯುವುದೇ ದಾರಿ.

ಈ ಎಲ್ಲವನ್ನೂ ಒಂದು ವಾರದ ಕ್ರಮಕ್ಕೆ ಅಳವಡಿಸಬಹುದು. ಭಾನುವಾರ ಹೊಸಗನ್ನಡ ಗದ್ಯವನ್ನು ಹತ್ತು ನಿಮಿಷ ಓದಿ, ಎಷ್ಟು ಸಾಲು ಮುಗಿದವೆಂದು ಬರೆದಿಡಬೇಕು. ಪುಸ್ತಕ ಮುಚ್ಚಿ ಅದರ ಸಾರವನ್ನು ಐದು ವಾಕ್ಯಗಳಲ್ಲಿ ಬರೆಯಬೇಕು. ಬರೆದದ್ದನ್ನು ಮೂಲದೊಡನೆ ಹೋಲಿಸಿ, ಮುಖ್ಯಾಂಶ ಬಿಟ್ಟುಹೋಗಿದ್ದರೆ ಆ ವಾರದ ಸಾಲುಗಳ ಲೆಕ್ಕವನ್ನು ಹಿಡಿಯಬಾರದು. ಉಳಿದ ದಿನಗಳಲ್ಲಿ ನಿತ್ಯ ಎರಡು ಹಳಗನ್ನಡ ಪದ್ಯಗಳ ಅನ್ವಯ, ಹತ್ತು ಹೊಸ ಪದಗಳು, ಅರ್ಧ ಗಂಟೆಯ ತಡೆಯಿಲ್ಲದ ಓದು. ಹೊಸ ಪದಗಳ ಎದುರು ತೆಲುಗಿನ ಸಮಾನ ರೂಪವನ್ನೂ, ಅರ್ಥ ಬೇರೆಯಾದರೆ ಆ ವ್ಯತ್ಯಾಸವನ್ನೂ ಬರೆಯಬೇಕು. ಆರು ತಿಂಗಳಲ್ಲಿ ಆ ಟಿಪ್ಪಣಿ ಪುಸ್ತಕ ಗಡಿನಾಡಿನ ವಿದ್ಯಾರ್ಥಿಯ ಸ್ವಂತ ನಿಘಂಟಾಗುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಪಂಪನನ್ನು ತೆರೆದವರಿಗೆ ಸಾರಾಂಶದ ಕೈಪಿಡಿಯ ಆಸರೆ ಕ್ರಮೇಣ ಬೇಡವಾಗುತ್ತದೆ.