ಅಕ್ಕಿ, ನವಣೆಯೊಡನೆ ರಾಜ್ಮಾ ಬೇಯಿಸುವ ಕ್ರಮ

ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವು ಕಡಿಮೆ, ಕಾಳುಗಳಲ್ಲಿ ಹೇರಳ. ಆದುದರಿಂದ ಅಕ್ಕಿ, ನವಣೆಗಳಿಗೆ ಕಾಳು ಬೆರೆಸಿದ ಅನ್ನದಿಂದ ಉತ್ತಮ ಸಸಾರಜನಕ ದೊರೆಯುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೇ ಬೇಯಲಿಡುವುದು ಸರಿಯಲ್ಲ. ನವಣೆಯು ಸುಮಾರು 20 ನಿಮಿಷಗಳಲ್ಲಿ ಬೇಯುತ್ತದೆ. ಕೆಂಪು ರಾಜ್ಮಾಕ್ಕೆ ಅಷ್ಟು ಸಾಲದು. ಸರಿಯಾಗಿ ಬೇಯದ ರಾಜ್ಮಾದಲ್ಲಿ ಉಳಿಯುವ ಲೆಕ್ಟಿನ್ ಎಂಬ ವಿಷಾಂಶದಿಂದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಉಂಟಾಗುತ್ತವೆ; ಹಸಿಯಾದ ನಾಲ್ಕೈದು ಕಾಳುಗಳೇ ಇದಕ್ಕೆ ಸಾಕು. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 30 ನಿಮಿಷ ಚೆನ್ನಾಗಿ ಕುದಿಸತಕ್ಕದ್ದು. ಕುದಿ ಬಾರದಂತೆ ಮಂದ ಉರಿಯಲ್ಲಿಟ್ಟರೆ ವಿಷಾಂಶವು ಹೆಚ್ಚುವ ಸಂಭವವೂ ಉಂಟು. ಕಾಳು ಮೆತ್ತಗಾದ ನಂತರವೇ ತೊಳೆದ ಅಕ್ಕಿ, ನವಣೆಗಳನ್ನು ಸೇರಿಸಬೇಕು. ಹುಣಸೆ ರಸವನ್ನು ಮೊದಲೇ ಬೆರೆಸಿದರೆ ಕಾಳು ಬೇಗ ಬೇಯುವುದಿಲ್ಲ. ಅಲಸಂದೆ, ಹೆಸರುಕಾಳುಗಳನ್ನು ಬಳಸುವ ಮನೆಗಳಲ್ಲಿ ಈ ಭಯ ಅಷ್ಟಾಗಿ ಇಲ್ಲ.