ಬೆಂಗಾಡಿನ ಹಾದಿಯಲ್ಲಿ ಮೌನದ ಹೆಜ್ಜೆ



ತಪಸ್ಸುಕಾಲದ ಮೊದಲ ಭಾನುವಾರ ಪ್ರತಿವರ್ಷವೂ ಶುಭಸಂದೇಶ ನಮ್ಮನ್ನು ಬೆಂಗಾಡಿಗೆ ಕರೆದೊಯ್ಯುತ್ತದೆ. ಬೆಂಗಾಡು ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಮರಳದಿಬ್ಬ, ಒಂಟೆ, ಖರ್ಜೂರದ ಮರ. ಆದರೆ ಯೇಸುಸ್ವಾಮಿ ನಲವತ್ತು ದಿನ ಕಳೆದ ಜುದೇಯದ ಬೆಂಗಾಡು ಹಾಗಿಲ್ಲ. ಅದು ಕಲ್ಲುಗುಡ್ಡಗಳ ನಾಡು. ಅಲ್ಲಿರುವುದು ಕುರುಚಲು ಗಿಡ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ, ಕುರಿ ಕಾಯುವವರು ತುಳಿದು ಮಾಡಿದ ಕಾಲುದಾರಿ. ಇದನ್ನು ಅರಿಯಲು ಮುಂಡರಗಿ ಸೀಮೆಯವರು ಪುಣ್ಯಭೂಮಿಯ ಯಾತ್ರೆಗೇ ಹೋಗಬೇಕೆಂದಿಲ್ಲ. ಬೇಸಿಗೆಯಲ್ಲಿ ಕಪ್ಪತಗುಡ್ಡದ ಕಡೆ ಕಣ್ಣು ಹಾಯಿಸಿದರೆ ಸಾಕು.

ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಸುಮಾರು 60 ಕಿ.ಮೀ. ಉದ್ದಕ್ಕೆ ಈ ಗುಡ್ಡಸಾಲು ಹಬ್ಬಿದೆ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕೆಂಪು ಕಲ್ಲು ಮತ್ತು ಒಣಹುಲ್ಲು. ಸುತ್ತಲಿನ ಎರೆಹೊಲಗಳು ಬಾಯಿಬಿಟ್ಟು ಮಳೆಗಾಗಿ ಕಾಯುತ್ತವೆ. ಇಂಥ ನೆಲದಲ್ಲಿ ಧ್ಯಾನಮಾಡುತ್ತಾ ನಡೆಯುವುದೆಂದರೇನು? ಈ ತಪಸ್ಸುಕಾಲದಲ್ಲಿ ನಾವು ಅದನ್ನು ಕುರಿತು ಆಲೋಚಿಸೋಣ.

ನಡೆಯುತ್ತಾ ಧ್ಯಾನಿಸುವುದು ಹೊಸದೇನಲ್ಲ. ಬೌದ್ಧ ಭಿಕ್ಷುಗಳು ಅದನ್ನು ಚಂಕ್ರಮಣ ಎನ್ನುತ್ತಾರೆ. ಮುಂಡರಗಿ ತಾಲೂಕಿನ ಡಂಬಳದಲ್ಲಿಯೇ ಬೌದ್ಧ ವಿಹಾರವೂ ತಾರಾದೇವಿಯ ಗುಡಿಯೂ ಇದ್ದುದನ್ನು ಕ್ರಿ.ಶ. 1095ರ ಶಾಸನ ತಿಳಿಸುತ್ತದೆ. ನಮ್ಮ ಧರ್ಮಸಭೆಯಲ್ಲೂ ಇದಕ್ಕೆ ಆಳವಾದ ಬೇರುಗಳಿವೆ. ಈಜಿಪ್ಟಿನ ಬೆಂಗಾಡಿಗೆ ಹೋಗಿ ನೆಲೆಸಿದ ಸಂತ ಅಂತೋಣಿಯವರು ತೀರಿಕೊಂಡದ್ದು 356ರಲ್ಲಿ. ನಾವು ನೊವೇನ ಮಾಡುವ ಪಾದುವದ ಸಂತರು ಇವರಲ್ಲ. ಅವರಿಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನವರು ಇವರು. ಅಲ್ಲಿನ ವಿರಕ್ತರು ಕೆಲಸ ಮಾಡುವಾಗಲೂ ದಾರಿ ನಡೆಯುವಾಗಲೂ ಒಂದೇ ಚಿಕ್ಕ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು. ಶುಕ್ರವಾರಗಳಂದು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನಾವು ಮಾಡುವ ಶಿಲುಬೆ ಹಾದಿಯೂ ನಡೆಯುತ್ತಾ ಮಾಡುವ ಧ್ಯಾನವೇ ಅಲ್ಲವೇ?

ಈ ನಡಿಗೆಯ ಕ್ರಮ ಸರಳವಾದುದು. ಮೊದಲನೆಯದಾಗಿ, ಬೆಳಗಿನ ತಂಪಿನಲ್ಲಿ ಹೊರಡಬೇಕು, ಬಿಸಿಲೇರುವ ಮೊದಲೇ ಮನೆ ಸೇರಬೇಕು. ನೀರು ಜೊತೆಗಿರಲಿ, ತಲೆಗೆ ಬಟ್ಟೆ ಇರಲಿ, ಮೊಬೈಲ್ ಸದ್ದು ಮಾಡದಿರಲಿ. ಎರಡನೆಯದಾಗಿ, ಎಂದಿನದಕ್ಕಿಂತ ನಿಧಾನವಾಗಿ ನಡೆಯಬೇಕು. ಪಾದ ನೆಲ ಮುಟ್ಟುವುದನ್ನು ಗಮನಿಸಬೇಕು. ಉಸಿರು ಒಳಬರುವಾಗ ‘ಯೇಸುವೇ’ ಎಂದೂ ಹೊರಹೋಗುವಾಗ ‘ದಯೆತೋರಿ’ ಎಂದೂ ಮನದೊಳಗೇ ಹೇಳಿಕೊಳ್ಳಬಹುದು. ಮೂರನೆಯದಾಗಿ, ಮನಸ್ಸು ಸಾಲದ ಕಡೆಗೋ ಮಗಳ ಮದುವೆಯ ಕಡೆಗೋ ಓಡಿದರೆ ಗಾಬರಿಬೇಡ. ಅದೇ ಚಿಂತೆಯನ್ನು ಪ್ರಭುವಿನ ಮುಂದಿಟ್ಟು ಮತ್ತೆ ಹೆಜ್ಜೆಗೆ ಮರಳಬೇಕು. ಮಂಡಿನೋವಿನ ಹಿರಿಯರಿಗೆ ದೇವಾಲಯದ ಅಂಗಳವೇ ಸಾಕು. ದೂರವಲ್ಲ, ಗಮನವೇ ಇಲ್ಲಿ ಮುಖ್ಯ.

ಗುಡ್ಡದ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಗಣಿಗಾರಿಕೆಯ ಭಯದಿಂದ ಕಪ್ಪತಗುಡ್ಡವನ್ನು ಉಳಿಸಿಕೊಳ್ಳಲು ಈ ಭಾಗದ ಜನ ಬಹಳ ಹೋರಾಡಿದ್ದಾರೆ. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ನಡೆದ ಧರಣಿಗೆ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದಾಳಾಗಿದ್ದರು. 2019ರಲ್ಲಿ ಸರಕಾರ ಇದನ್ನು ವನ್ಯಜೀವಿಧಾಮವೆಂದು ಘೋಷಿಸಿತು. ತೋಳ, ಕತ್ತೆಕಿರುಬ, ಚಿರತೆಗಳಿಗೆ ಇದು ಮನೆ. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗಬಾರದು. ಶಿಲುಬೆ ಹಾದಿಯೆಂದು ಅಲ್ಲಿ ಮೇಣದಬತ್ತಿ ಹಚ್ಚಲೂ ಬಾರದು. ಒಂದು ಕಿಡಿ ಒಣಹುಲ್ಲಿಗೆ ತಗುಲಿದರೆ ಗುಡ್ಡವೇ ಉರಿದೀತು. ಊರ ಹೊರಗಿನ ಹೊಲದ ದಾರಿಯೂ ನಮಗೆ ಬೆಂಗಾಡಾಗಬಲ್ಲದು.

ಈಗ ಪ್ರವಾದಿ ಎಲೀಯನನ್ನು ನೆನೆಯೋಣ. ಸೋತು, ಹೆದರಿ, ಒಂದು ದಿನದ ಹಾದಿ ಬೆಂಗಾಡಿನೊಳಕ್ಕೆ ನಡೆದು, ಗಿಡವೊಂದರ ಕೆಳಗೆ ಕುಳಿತು, ತನಗೆ ಸಾವು ಬರಲೆಂದು ಅವನು ಬೇಡಿದ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ, ಬೈಯಲೂ ಇಲ್ಲ. ರೊಟ್ಟಿ ಮತ್ತು ನೀರು ಇಟ್ಟು, ಎದ್ದು ತಿನ್ನೆಂದು ತಟ್ಟಿ ಎಬ್ಬಿಸಿದ. ಎಲೀಯ ತಿಂದ, ಮತ್ತೆ ಮಲಗಿದ, ಎರಡನೆಯ ಸಲವೂ ತಿಂದ. ಆಮೇಲೆ ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ. ಬಿರುಗಾಳಿ, ಭೂಕಂಪ, ಬೆಂಕಿ ಇವು ಯಾವುದರಲ್ಲೂ ದೇವರು ಅವನಿಗೆ ಸಿಗಲಿಲ್ಲ. ಮೆಲುದನಿಯೊಂದರಲ್ಲಿ ಸಿಕ್ಕರು. ಅಷ್ಟು ದೂರ ಮೌನವಾಗಿ ನಡೆದವನ ಕಿವಿಗೆ ಆ ಮೆಲುದನಿ ಕೇಳಿಸಿತು.

ಬರ ಕಂಡ ನಾಡಿನ ನಮಗೆ ಎಲೀಯನ ಸಂಕಟ ಹೊಸದಲ್ಲ. 2023ರಲ್ಲಿ ರಾಜ್ಯದ 223 ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ಬೆಳೆ ಹೋಗಿ, ಸಾಲ ಉಳಿದು, ಯಾರೊಡನೆಯೂ ಮಾತನಾಡದೆ ಗಿಡದ ನೆರಳಲ್ಲಿ ಒಬ್ಬಂಟಿಯಾಗಿ ಕೂತ ಎಲೀಯ ನಮ್ಮ ಓಣಿಯಲ್ಲೂ ಇರಬಹುದು, ನಮ್ಮ ಮನೆಯಲ್ಲೇ ಇರಬಹುದು. ಹೊಟ್ಟೆಪಾಡಿಗೆ ಗುಳೆ ಹೋಗುವವರಿಗೆ ನಡಿಗೆ ಧ್ಯಾನವಲ್ಲ, ಅನಿವಾರ್ಯ. 2020ರಲ್ಲಿ ಲಾಕ್‌ಡೌನ್ ಆದಾಗ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಊರಿಗೆ ನಡೆದವರನ್ನು ನಾವು ಮರೆಯಲಾದೀತೇ? ಅವರನ್ನು ಮರೆತು ನಾವು ನಡೆದರೆ ಅದು ಬರೀ ವ್ಯಾಯಾಮವಾದೀತು, ತಪಸ್ಸಾಗದು.

ಆದಕಾರಣ ಪ್ರಿಯರೇ, ಈ ತಪಸ್ಸುಕಾಲದಲ್ಲಿ ವಾರಕ್ಕೊಮ್ಮೆಯಾದರೂ ಕುಟುಂಬವಾಗಿ ಅರ್ಧ ಗಂಟೆ ಮಾತಿಲ್ಲದೆ ನಡೆಯೋಣ. ಮರಳುವಾಗ, ಕುಗ್ಗಿ ಕೂತ ಒಬ್ಬರ ಮನೆಯ ಬಾಗಿಲು ತಟ್ಟೋಣ. ಬುದ್ಧಿಮಾತು ಆಮೇಲಿರಲಿ. ಮೊದಲು ರೊಟ್ಟಿ ಕೊಡೋಣ, ನೀರು ಕೊಡೋಣ, ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಎಮ್ಮಾವಿನ ದಾರಿಯಲ್ಲಿ ದುಃಖಿತ ಶಿಷ್ಯರಿಬ್ಬರ ಜೊತೆ ಹೆಜ್ಜೆಹಾಕಿದ ಪ್ರಭು ನಮ್ಮೊಡನೆಯೂ ನಡೆಯಲಿ. ಆಮೆನ್.